‘ನಾಯಿ ಬಿಟ್ಟು ಬರುದಾದ್ರೆ ರೂಮ್ ಇದೆ’

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ನೀವು ಬಸ್ಸಲ್ಲಿ ಕೂತು ಕೇಳ್ತಾ ಇರಬಹುದು, ಅಡುಗೆ ಮಾಡ್ತಾ ಕೇಳ್ತಾ ಇರಬಹುದು. ಇಲ್ಲಾ ಬಾಡಿಗೆ ರೂಮು ಹುಡುಕಿ ಹುಡುಕಿ ಸಾಕಾಗಿ ಯಾವುದೋ ಚಹಾ ಅಂಗಡಿ ಮುಂದೆ ನಿಂತು ಕೇಳ್ತಾ ಇರಬಹುದು. ಆ ಮೂರನೆಯವರಿಗೆ ಇವತ್ತಿನ ಮಾತು. ಅದರಲ್ಲೂ ನಿಮ್ಮ ಜೊತೆ ಒಂದು ನಾಯಿಯೋ ಬೆಕ್ಕೋ ಇದ್ದು, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ, ಕೊನೇ ತನಕ ಕೇಳಿ.

ನನ್ನೂರು ರಾಮನಗುಳಿ. ಅಂಕೋಲಾದಿಂದ ಯಲ್ಲಾಪುರ, ಹುಬ್ಬಳ್ಳಿ ಕಡೆ ಹೋಗೋ ಹೆದ್ದಾರಿಯಲ್ಲಿ ಸಿಗ್ತದೆ. ಲಾರಿಯವರಿಗೆ ಗೊತ್ತಿರ್ತದೆ, ಬೇರೆಯವರು ಕಿಟಕಿಯಿಂದ ನೋಡಿ ಮುಂದೆ ಹೋಗಿರ್ತಾರೆ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ ಹೊಳೆ. ಘಟ್ಟದ ಮೇಲೆ ಇದೇ ಹೊಳೆಗೆ ಬೇಡ್ತಿ ಅಂತ ಹೆಸರು. ನಮ್ಮ ಮನೆ ಹೊಳೆ ಕಡೆಗೆ ಇಳಿಯೋ ಜಾಗದಲ್ಲಿತ್ತು. ಮಣ್ಣಿನ ಗೋಡೆ, ಹಂಚಿನ ಮಾಡು. ಆಯಿ, ಅಪ್ಪ, ನಾನು, ಗೋವಾದಲ್ಲಿ ಕೆಲಸ ಮಾಡೋ ಅಣ್ಣ, ಮತ್ತೆ ಮೋತಿ. ಮೋತಿ ನಾಯಿ. ಜಾತಿನಾಯಿ ಅಲ್ಲ, ಊರಿನ ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು.

2019ರ ಆಗಸ್ಟ್ ನಿಮಗೆ ನೆನಪಿರಬೇಕು. ಬೆಳಗಾವಿ, ಕೊಡಗು ಎಲ್ಲ ಕಡೆ ನೀರು. ನಮ್ಮ ಗಂಗಾವಳಿಯೂ ಉಕ್ಕಿ ಬಂತು. ರಾತ್ರಿ ಅಂಗಳದಲ್ಲಿದ್ದ ನೀರು ಬೆಳಿಗ್ಗೆ ಒಲೆ ಮೇಲೆ ಇತ್ತು. ನಮ್ಮನ್ನ ಕರೆದುಕೊಂಡು ಹೋಗೋಕೆ ದೋಣಿ ಬಂತು. ಬಂದವರು ಒಳ್ಳೆಯವರೇ. ಆದರೆ ದೋಣಿಯಲ್ಲಿ ಮಕ್ಕಳಿದ್ದರು, ಮುದುಕರಿದ್ದರು. "ನಾಯಿ ಬೇಡ ತಂಗಿ, ಹೆದರಿ ಹಾರಿದ್ರೆ ದೋಣಿ ಮಗುಚ್ತದೆ" ಅಂದರು. ಅವರು ಹೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಅಪ್ಪ ಮೋತಿಯ ಸರಪಳಿ ಬಿಚ್ಚಿದ. ಅಷ್ಟೇ ನಾವು ಮಾಡಿದ್ದು. ದೋಣಿ ದೂರ ಹೋಗ್ತಾ ಅದು ಮಾಡಿನ ಮೇಲೆ ನಿಂತು ನೋಡ್ತಾ ಇತ್ತು. ಬೊಗಳಲೂ ಇಲ್ಲ.

ಆಗ ಜನ ಗಂಜಿ ಕೇಂದ್ರ ಅಂತಿದ್ದರು, ಈಗ ಕಾಳಜಿ ಕೇಂದ್ರ ಅಂತಾರೆ. ಅಲ್ಲಿ ಮೂರು ದಿನ ಇದ್ದೆವು. ಊಟ ಬಂತು, ಚಾದರ ಬಂತು. ಅಪ್ಪ ಮಾತ್ರ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ನೀರು ಇಳಿದ ಮೇಲೆ ಹೋದರೆ ಮನೆಯ ಹಿಂದಿನ ಗೋಡೆ ಇಲ್ಲ. ಮುಂದಿನ ಮೆಟ್ಟಿಲ ಮೇಲೆ ಮೋತಿ ಇತ್ತು. ಮೈತುಂಬ ಕೆಸರು, ಒಂದು ಕಾಲು ಊದಿತ್ತು. ಅಪ್ಪ ಅದರ ಪಕ್ಕ ಕೂತು ಅತ್ತ. ಅಪ್ಪ ಅತ್ತಿದ್ದು ನಾನು ಆವತ್ತೇ ನೋಡಿದ್ದು.

ಯಾಕೆ ಇಷ್ಟು ಹೇಳಿದೆ ಅಂದರೆ, ಮುಂದೆ ರೂಮು ಹುಡುಕುವಾಗ ನನಗೆ ನೂರು ಜನ ಕೇಳಿದ್ದಾರೆ, "ಒಂದು ಊರುನಾಯಿಗೋಸ್ಕರ ಇಷ್ಟು ಯಾಕೆ?" ಅಂತ. ಉತ್ತರ ಇಷ್ಟೇ. ಒಂದು ಸಲ ಬಿಟ್ಟು ಹೋಗಿದ್ದೇವೆ. ಎರಡನೇ ಸಲ ಆಗೂದಿಲ್ಲ.

ಆ ವರ್ಷ ಮನೆಗೆ ನೀರು ಹೊಕ್ಕವರಿಗೆ ತುರ್ತು ಪರಿಹಾರ ಅಂತ ಸರ್ಕಾರ 10,000 ರೂಪಾಯಿ ಕೊಟ್ಟಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಣೆ ಆಯ್ತು. ನಮ್ಮದು ಪೂರ್ತಿ ಬಿದ್ದಿರಲಿಲ್ಲ. ಜಾಗವೂ ಅತಿಕ್ರಮಣದ್ದು. ನಮ್ಮ ಜಿಲ್ಲೆಯಲ್ಲಿ ಬಹಳ ಜನರ ಕತೆ ಇದೇ: ಅಜ್ಜನ ಕಾಲದಿಂದ ಕೂತಿದ್ದೇವೆ, ಕಾಗದ ಇಲ್ಲ. ಗೋಡೆ ಕಟ್ಟಿಕೊಂಡು ಇನ್ನೂ ಮೂರು ಮಳೆಗಾಲ ಅಲ್ಲೇ ಕಳೆದೆವು. ಅಪ್ಪ ತೀರಿಕೊಂಡ. 2022ರಲ್ಲಿ ನನಗೆ ಅಂಕೋಲಾದಲ್ಲಿ ಕೆಲಸ ಸಿಕ್ತು. ಝೆರಾಕ್ಸ್, ಆನ್‌ಲೈನ್ ಅರ್ಜಿ ಎಲ್ಲ ಮಾಡಿಕೊಡೋ ಅಂಗಡಿ. ಆಯಿಗೆ ಮೊಣಕಾಲು ನೋವು, ಹೊಳೆ ಸಪ್ಪಳ ಕೇಳಿದರೆ ನಿದ್ದೆ ಬರೂದಿಲ್ಲ. ಮೂವರೂ ಅಂಕೋಲಾಕ್ಕೆ ಹೋಗೋದು ಅಂತ ಆಯ್ತು. ಮೂವರು ಅಂದರೆ ಆಯಿ, ನಾನು, ಮೋತಿ.

ಲೆಕ್ಕ ಹೇಳ್ತೇನೆ, ಯಾಕಂದರೆ ಲೆಕ್ಕ ಹೇಳದೆ ಈ ವಿಷಯ ಮಾತಾಡೋದರಲ್ಲಿ ಅರ್ಥ ಇಲ್ಲ. ನನ್ನ ಸಂಬಳ 11,500. ಆಯಿ ರವಿಕೆ ಹೊಲಿದು ತಿಂಗಳಿಗೆ ಸುಮಾರು 2,000. ಒಟ್ಟು 13,500. ಅದರಲ್ಲಿ ಆಯಿ ಮಾತ್ರೆ, ಗ್ಯಾಸು, ಕರೆಂಟು, ದಿನಸಿ, ಅಪ್ಪನ ಆಸ್ಪತ್ರೆ ಸಾಲದ ಕಂತು. ಮೋತಿಗೆ ತಿಂಗಳಿಗೆ 700ರಿಂದ 800. ರೇಷನ್ ಅಕ್ಕಿ, ಮೀನು ಪೇಟೆಯಲ್ಲಿ ಸಿಗೋ ಮೀನಿನ ತಲೆ, ವಾರಕ್ಕೆ ಎರಡು ಮೊಟ್ಟೆ. ಪ್ಯಾಕೆಟ್ ಆಹಾರ ಅದು ಕಂಡೇ ಇಲ್ಲ. ಉಳಿದದ್ದರಲ್ಲಿ ಬಾಡಿಗೆಗೆ 3,500, ಜಾಸ್ತಿ ಅಂದರೆ 4,000. ಅಡ್ವಾನ್ಸ್ 20,000 ಒಳಗೆ. ಅದೂ ಕೈಗಡ.

ಹದಿನಾಲ್ಕು ಮನೆ ನೋಡಿದೆ. ಪ್ರಶ್ನೆಗಳು ಸುಮಾರು ಒಂದೇ ಸಾಲಿನಲ್ಲಿ ಬರ್ತವೆ. ಮೊದಲು, "ಯಾರ್ ಯಾರು ಇರೂದು?" ಆಯಿ ಮತ್ತೆ ನಾನು ಅಂದರೆ, "ಗಂಡಸ್ರು ಯಾರೂ ಇಲ್ವಾ?" ಆಮೇಲೆ, "ನೀವು ಎಂತ ಪೈಕಿ?" ಇದು ಜಾತಿ ಕೇಳೋದು. ಆಮೇಲೆ, "ಮೀನು ಮಾಡ್ತ್ರಾ?" ಅಂಕೋಲಾದಲ್ಲಿ ಮೀನು ಮಾಡ್ತ್ರಾ ಅಂತ ಕೇಳೋರೂ ಇದ್ದಾರೆ, ನಗಬೇಡಿ. ಇಷ್ಟೆಲ್ಲ ದಾಟಿದ ಮೇಲೆ ನಾನು ಹೇಳ್ತೇನೆ, ಒಂದು ನಾಯಿ ಇದೆ. ಆಗ ಮಾತು ನಿಂತು ಹೋಗ್ತದೆ.

ಒಬ್ಬರು ಬಹಳ ಚಂದ ಮಾತಾಡಿದರು. ರೂಮು ಚೊಕ್ಕ ಇತ್ತು, ನೆಲಮಹಡಿ, ಆಯಿಗೆ ಮೆಟ್ಟಿಲಿಲ್ಲ, ಬಾವಿ ಪಕ್ಕದಲ್ಲೇ. ಬಾಡಿಗೆ 3,500. ಚಹಾ ಕೂಡ ಕೊಟ್ಟರು. ನಾಯಿ ವಿಷಯ ಹೇಳಿದ ಕೂಡಲೇ, "ನೋಡು ಮಗಾ, ನಾಯಿ ಬಿಟ್ಟು ಬರುದಾದ್ರೆ ರೂಮ್ ಇದೆ. ಎರಡು ದಿನ ಯೋಚನೆ ಮಾಡು" ಅಂದರು. ಎರಡು ದಿನ ನಾನು ನಿಜವಾಗಿ ಯೋಚನೆ ಮಾಡಿದೆ. ಸುಳ್ಳು ಹೇಳೂದಿಲ್ಲ. ಮೂರನೇ ದಿನ ಫೋನ್ ಮಾಡಿ ಬೇಡ ಅಂದೆ.

ಇಲ್ಲಿ ಒಂದು ಮಾತು. "ನಾಯಿ ಬೇಡ" ಅನ್ನೋದು ಕೆಲವು ಸಲ ನಾಯಿಯ ವಿಷಯ ಅಲ್ಲವೇ ಅಲ್ಲ. ಜಾತಿ ಕೇಳಿ ಮುಖ ಬದಲಾದ ಮೇಲೆ ನಾಯಿ ಒಂದು ಒಳ್ಳೆ ನೆಪ ಆಗ್ತದೆ. ಅದಕ್ಕೇ ನಾನು ಈಗ ಮೊದಲ ಮಾತಿನಲ್ಲೇ ನಾಯಿ ಇದೆ ಅಂತ ಹೇಳಿಬಿಡ್ತೇನೆ. ಆಮೇಲೆ ಬರೋ "ಇಲ್ಲ" ಯಾವುದಕ್ಕೆ ಅಂತ ನನಗೆ ಗೊತ್ತಾಗ್ತದೆ.

ಆದರೆ ಆಗ ನನಗೆ ಈ ಬುದ್ಧಿ ಇರಲಿಲ್ಲ. ಹದಿನೈದನೇ ಮನೆಯಲ್ಲಿ ನಾನು ಸುಳ್ಳು ಹೇಳಿದೆ. ನಾಯಿ ಇಲ್ಲ ಅಂದೆ. ಎರಡು ವಾರ ಆದ ಮೇಲೆ ರಾತ್ರಿ ಮೋತಿಯನ್ನ ತಂದೆ. "ಊರಿಂದ ಬಂದದೆ, ನಾಲ್ಕು ದಿನ ಇರ್ತದೆ" ಅಂದೆ. ನಾಲ್ಕು ದಿನ ಐದು ತಿಂಗಳಾಯ್ತು. ಮಾಲೀಕರ ಮೊಮ್ಮಗ ನಾಲ್ಕು ವರ್ಷದವನು, ನಾಯಿ ಕಂಡರೆ ನಡುಗ್ತಿದ್ದ. ಒಂದು ದಿನ ಮೋತಿ ಆಟಕ್ಕೆ ಅಂತ ಅವನ ಹಿಂದೆ ಓಡಿತು. ಮಗು ಬಿದ್ದು ಹಣೆ ಒಡೆದುಕೊಂಡಿತು. ಕಚ್ಚಲಿಲ್ಲ. ಆದರೆ ಕಚ್ಚಿದ್ದರೆ? ಅವರು ನನಗೆ ಬೈದರು. ಹದಿನೈದು ದಿನದಲ್ಲಿ ಖಾಲಿ ಮಾಡು ಅಂದರು. ಅವತ್ತು ನನಗೆ ಸಿಟ್ಟು ಬಂದಿತ್ತು. ಈಗ ಯೋಚನೆ ಮಾಡಿದರೆ ಅವರ ಜಾಗದಲ್ಲಿ ನಾನಿದ್ದರೂ ಬೈತಿದ್ದೆ. ನಾನು ಮೋತಿಗೆ ಲಸಿಕೆ ಕೂಡ ಸರಿಯಾಗಿ ಹಾಕಿಸಿರಲಿಲ್ಲ. ರೇಬಿಸ್ ಬಂದ ಮೇಲೆ ಮದ್ದಿಲ್ಲ ಅಂತ ಗೊತ್ತಿದ್ದೂ.

ಹದಿನೈದು ದಿನದಲ್ಲಿ, ಅದೂ ಜೂನ್ ತಿಂಗಳಲ್ಲಿ, ನಾಯಿ ಇರೋ ಇಬ್ಬರು ಹೆಂಗಸರಿಗೆ ಯಾವ ರೂಮು ಸಿಗ್ತದೆ? ನನಗೆ ಸಿಕ್ಕಿದ್ದು ಪೇಟೆಯಿಂದ ಆಚೆ, ಗುಡ್ಡ ಕೊರೆದು ಮಾಡಿದ ಜಾಗದಲ್ಲಿ ಸಾಲಾಗಿ ಕಟ್ಟಿದ ನಾಲ್ಕು ರೂಮಲ್ಲಿ ಒಂದು. ಬಾಡಿಗೆ 2,500. ಅಡ್ವಾನ್ಸ್ 5,000. ಮಾಲೀಕರು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಜಾತಿ ಇಲ್ಲ, ಮೀನು ಇಲ್ಲ, ನಾಯಿ ಇಲ್ಲ. ನನಗೆ ಎಷ್ಟು ಖುಷಿ ಆಯ್ತು ಅಂದರೆ, ರೂಮಿನ ಹಿಂದೆ ಹೋಗಿ ನೋಡಬೇಕು ಅಂತ ಹೊಳೆಯಲೇ ಇಲ್ಲ.

ಹಿಂದೆ ಧರೆ. ನೆಟ್ಟಗೆ ಕಡಿದ ಕೆಂಪು ಮಣ್ಣಿನ ಗೋಡೆ, ಎರಡು ಆಳು ಎತ್ತರ. ಧರೆಗೂ ನಮ್ಮ ಹಿಂಬಾಗಿಲಿಗೂ ನಡುವೆ ಮೂರು ಅಡಿ.

ಅಲ್ಲಿ ಒಂದು ವರ್ಷ ಇದ್ದೆವು. ಅಕ್ಕಪಕ್ಕದವರು ಯಾರು ಗೊತ್ತಾ? ಒಂದು ರೂಮಲ್ಲಿ ಹೊರರಾಜ್ಯದಿಂದ ಬಂದ ಕೂಲಿ ಕೆಲಸದ ಹುಡುಗರು ಏಳು ಜನ. ಇನ್ನೊಂದರಲ್ಲಿ ಗಂಡನ್ನ ಬಿಟ್ಟು ಬಂದ ಒಬ್ಬ ಅಕ್ಕ, ಎರಡು ಮಕ್ಕಳು. ಮತ್ತೊಂದರಲ್ಲಿ ಕುಡಿತದ ಸಮಸ್ಯೆ ಇದ್ದ ಒಬ್ಬ ಅಜ್ಜ. ಎಲ್ಲರೂ ಬೇರೆ ಕಡೆ "ಇಲ್ಲ" ಅನ್ನಿಸಿಕೊಂಡು ಬಂದವರೇ. ಅಲ್ಲಿ ನನಗೆ ಅರ್ಥ ಆಯ್ತು. ನಾಯಿ ಇದ್ದವರಿಗೆ ರೂಮು ಸಿಗೂದಿಲ್ಲ ಅಂತಲ್ಲ, ಸಿಗ್ತದೆ. ಬೇರೆ ಯಾರೂ ಬೇಡ ಅಂದ ರೂಮು ಸಿಗ್ತದೆ. ದುಡ್ಡಿದ್ದವರು ನಾಯಿಗಾಗಿ ಬಾಡಿಗೆ ಸ್ವಲ್ಪ ಜಾಸ್ತಿ ಕೊಡ್ತಾರೆ. ದುಡ್ಡಿಲ್ಲದವರು ಅದನ್ನ ಭದ್ರತೆಯಲ್ಲಿ ಕೊಡ್ತಾರೆ. ಚಿಲಕ ಇಲ್ಲದ ಬಾಗಿಲು, ರಾತ್ರಿ ಹೊರಗೆ ಹೋಗಬೇಕಾದ ಪಾಯಖಾನೆ, ಹಿಂದೆ ಧರೆ.

ಆ ರೂಮಲ್ಲಿದ್ದಾಗಲೇ ಒಂದು ಬೆಕ್ಕಿನ ಮರಿಯೂ ಬಂದು ಸೇರಿತು. ಚಿಂಗಿ. ಬಂದದ್ದನ್ನ ಓಡಿಸೋಕೆ ಆಯಿಗೆ ಮನಸ್ಸಾಗಲಿಲ್ಲ. ಮೋತಿಗೂ ಆಗಲಿಲ್ಲ.

ಆಮೇಲೆ 2024ರ ಜುಲೈ 16. ಮಂಗಳವಾರ ಬೆಳಿಗ್ಗೆ. ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿತು. ಹೆದ್ದಾರಿ 66ರ ಪಕ್ಕದ ಗುಡ್ಡ ರಸ್ತೆ ದಾಟಿ ಗಂಗಾವಳಿಗೆ ಬಿತ್ತು. ಚಹಾ ಅಂಗಡಿ ನಡೆಸ್ತಿದ್ದ ಕುಟುಂಬ ಹೋಯ್ತು, ಲಾರಿ ಹೋಯ್ತು, ಆಚೆ ದಡದ ಉಳುವರೆಯಲ್ಲಿ ನೀರಿನ ಹೊಡೆತಕ್ಕೆ ಮನೆಗಳು ಹೋದವು. ಕೇರಳದ ಲಾರಿ ಚಾಲಕನ ದೇಹ ಲಾರಿ ಸಮೇತ ಹೊಳೆಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಇದೆಲ್ಲ ನೀವು ಫೋನಲ್ಲಿ ನೋಡಿದ್ದೀರಿ. ಆ ಚಹಾ ಅಂಗಡಿಯವರ ಜೊತೆಗಿದ್ದ ನಾಯಿ ಮಣ್ಣಿನ ರಾಶಿ ಸುತ್ತ ಹುಡುಕ್ತಾ ತಿರುಗಿದ ವಿಡಿಯೋ ಕೂಡ ನೋಡಿರಬಹುದು. ನಾನು ಅದನ್ನ ಪೂರ್ತಿ ನೋಡಲಿಲ್ಲ. ಆಗಲಿಲ್ಲ.

ಅವತ್ತು ಸಂಜೆ ರೂಮಿಗೆ ಬಂದು ಮೊದಲ ಸಲ ಹಿಂಬಾಗಿಲು ತೆರೆದು ಧರೆಯನ್ನ ಸರಿಯಾಗಿ ನೋಡಿದೆ. ಮೇಲೆ ಇದ್ದ ಒಂದು ಅಕೇಶಿಯಾ ಮರ ನಮ್ಮ ಕಡೆಗೆ ವಾಲಿತ್ತು. ಬುಡದಲ್ಲಿ ಬೆರಳು ಹೋಗುವಷ್ಟು ಬಿರುಕು. ಧರೆಯಿಂದ ಇಳಿಯೋ ನೀರು ಅಷ್ಟು ದಿನ ತಿಳಿಯಾಗಿ ಬರ್ತಿತ್ತು, ಅವತ್ತು ಕೆಂಪಗೆ ಬರ್ತಾ ಇತ್ತು.

ಆಯಿ, "ಕಾಳಜಿ ಕೇಂದ್ರಕ್ಕೆ ಹೋಗ್ವ" ಅಂದಳು. ನಾನು, "ಮೋತಿ?" ಅಂದೆ. ಇಬ್ಬರೂ ಸುಮ್ಮನಾದೆವು. ಆಯಿ ಹೇಳಿದಳು, "ಹಾಗಾದ್ರೆ ನಾ ಹೋಗೂದಿಲ್ಲ." ಹೊರಗೆ ಮಳೆ, ಹಿಂದೆ ಧರೆ, ಆಯಿ ಗೋಡೆಗೆ ಒರಗಿ ಕೂತಿದ್ದಾಳೆ. ಆ ಗೋಡೆಯೇ ಧರೆ ಕಡೆಯ ಗೋಡೆ.

ನಾನು ಅಂಗಡಿ ಮಾಲೀಕರಿಗೆ ಫೋನ್ ಮಾಡಿದೆ. "ಅಣ್ಣ, ಒಂದು ರಾತ್ರಿ ಅಂಗಡಿ ಹಿಂದಿನ ಖೋಲಿಯಲ್ಲಿ ಮಲಗ್ತೇವೆ" ಅಂದೆ. ಅವರು, "ನಾಯಿ ಬೆಕ್ಕು ಎಲ್ಲ ತಕ್ಕೊಂಡೇ ಬಾ ಮಾರಾಯ್ತಿ, ಆ ಧರೆ ಕೆಳಗೆ ಇರಬೇಡ" ಅಂದರು. ಝೆರಾಕ್ಸ್ ಮಿಷನ್ ಪಕ್ಕ ಚಾಪೆ ಹಾಸಿ ಆರು ರಾತ್ರಿ ಮಲಗಿದೆವು. ಮೂರನೇ ರಾತ್ರಿ ಧರೆಯ ಒಂದು ಮೂಲೆ ಜಾರಿ ಆ ಕುಡಿಯೋ ಅಜ್ಜನ ಅಡುಗೆಮನೆ ಒಳಗೆ ಮಣ್ಣು ಬಂತು. ಅಜ್ಜ ಆಸ್ಪತ್ರೆಯಲ್ಲಿದ್ದ, ಬದುಕಿಕೊಂಡ. ನಮ್ಮ ರೂಮಿಗೆ ಏನೂ ಆಗಲಿಲ್ಲ. ಅದು ನಮ್ಮ ಜಾಣತನ ಅಲ್ಲ.

ಈ "ಹಾಗಾದ್ರೆ ನಾ ಹೋಗೂದಿಲ್ಲ" ಅನ್ನೋ ಮಾತು ಆಯಿ ಒಬ್ಬಳದ್ದಲ್ಲ. 2005ರಲ್ಲಿ ಅಮೆರಿಕದಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಎಷ್ಟೋ ಜನ ಇದೇ ಮಾತು ಹೇಳಿ ಮನೆಯಲ್ಲೇ ಉಳಿದರು, ಯಾಕಂದರೆ ಬಸ್ಸಿನಲ್ಲೂ ಆಶ್ರಯ ಕೇಂದ್ರದಲ್ಲೂ ಸಾಕುಪ್ರಾಣಿಗೆ ಜಾಗ ಇರಲಿಲ್ಲ. ಮರುವರ್ಷ, 2006ರಲ್ಲಿ, ಅಲ್ಲಿ ಒಂದು ಕಾಯ್ದೆ ಆಯ್ತು: ವಿಪತ್ತಿನ ಯೋಜನೆ ಮಾಡುವಾಗ ಸಾಕುಪ್ರಾಣಿ ಇರೋ ಮನೆಯವರನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಅಂತ. ನಾಯಿ ಮೇಲಿನ ಪ್ರೀತಿಗೆ ಮಾತ್ರ ಅಲ್ಲ, ಮನುಷ್ಯರು ಮನೆ ಬಿಟ್ಟು ಬರಲಿ ಅಂತ. ನಮ್ಮಲ್ಲಿ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಆಕಳು, ಎಮ್ಮೆ, ಆಡು, ಕುರಿ, ಕೋಳಿ ಇವೆ. 2022ರ ನಂತರದ ದರದ ಪ್ರಕಾರ ಹಾಲು ಕೊಡೋ ಆಕಳು ಸತ್ತರೆ 37,500, ಆಡು ಸತ್ತರೆ 4,000. ಅದು ಬೇಕು, ಅದು ಜನರ ಹೊಟ್ಟೆಪಾಡು. ನಾಯಿಗೆ ಪರಿಹಾರ ನಾನು ಕೇಳ್ತಾ ಇಲ್ಲ. ಕಾಳಜಿ ಕೇಂದ್ರ ಅಂದರೆ ನಮ್ಮ ಕಡೆ ಹೆಚ್ಚಾಗಿ ಶಾಲೆ. ಶಾಲೆಯ ಹಿಂದೆ ಒಂದು ತಗಡಿನ ಮಾಡು, ನಾಲ್ಕು ಗೂಟ, ಒಂದು ಬಾಲ್ದಿ ನೀರು. ಅಷ್ಟಿದ್ದರೆ ನನ್ನ ಆಯಿ ಅವತ್ತು ಎದ್ದು ಬರ್ತಿದ್ದಳು.

ಸರಿ, ಈಗ ಕಾನೂನು. ಇದನ್ನ ಸರಿಯಾಗಿ ತಿಳ್ಕೊಳ್ಳಿ, ಇನ್‌ಸ್ಟಾಗ್ರಾಂ ರೀಲಲ್ಲಿ ಅರ್ಧಮರ್ಧ ಹೇಳ್ತಾರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಒಂದು ಸುತ್ತೋಲೆ ಹೊರಡಿಸಿದೆ. ಅಪಾರ್ಟ್‌ಮೆಂಟ್ ಸಂಘಗಳು, ನಿವಾಸಿಗಳ ಸಂಘಗಳು ಸಾಕುನಾಯಿ ಇಟ್ಟುಕೊಳ್ಳಬಾರದು ಅಂತ ನಿಷೇಧ ಹಾಕುವಂತಿಲ್ಲ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಸಂಘದ ಬೈಲಾದಲ್ಲಿ ಅಂಥ ನಿಷೇಧ ನಡೆಯೋದಿಲ್ಲ ಅಂತ ಹೇಳಿದೆ. ನೀವು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಫ್ಲ್ಯಾಟಲ್ಲಿ ಇದ್ದು, ಮಾಲೀಕರು ಒಪ್ಪಿ, ಸಂಘದವರು ತಕರಾರು ಮಾಡಿದರೆ ಇದು ಉಪಯೋಗಕ್ಕೆ ಬರ್ತದೆ. ಆದರೆ ಒಬ್ಬ ಮನೆ ಮಾಲೀಕರು "ನಾಯಿ ಇದ್ದವರಿಗೆ ನಾನು ಬಾಡಿಗೆ ಕೊಡೂದಿಲ್ಲ" ಅಂದರೆ ಆ ಸುತ್ತೋಲೆ ತೋರಿಸಿ ಬೀಗದ ಕೈ ತಗೊಳ್ಳೋಕೆ ಆಗೂದಿಲ್ಲ. ಅಂಕೋಲಾದಲ್ಲಿ, ಕಾರವಾರದಲ್ಲಿ ನಮ್ಮಂಥವರು ಇರೋದು ಯಾರದೋ ಮನೆಯ ಹಿಂದಿನ ಖೋಲಿಯಲ್ಲಿ. ಅಲ್ಲಿ ಸಂಘವೂ ಇಲ್ಲ, ಬೈಲಾವೂ ಇಲ್ಲ.

ಬಾಡಿಗೆ ಕಾಯ್ದೆ? ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆ. ಆದರೆ ದೊಡ್ಡ ನಗರಗಳ ಪಟ್ಟಿಯಲ್ಲಿರೋ ಕಡೆ ಬಾಡಿಗೆ 3,500 ದಾಟಿದರೆ, ಬೇರೆ ಕಡೆ 2,000 ದಾಟಿದರೆ ಅದು ಅನ್ವಯ ಆಗೂದಿಲ್ಲ. ಈಗಿನ ಕಾಲಕ್ಕೆ 2,000 ಬಾಡಿಗೆಗೆ ಎಲ್ಲಿ ಮನೆ ಸಿಗ್ತದೆ ನೀವೇ ಹೇಳಿ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಮಾಡಿ, ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂದಿತು. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಜಾರಿ ಮಾಡಬೇಕು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ಕತೆ ಕೇಳಿದ ಹಾಗೆ ಅನಿಸಬಹುದು. ಇಂಗ್ಲೆಂಡಲ್ಲಿ 2025ರಲ್ಲಿ ಬಂದ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಲ್ಲಿ, ಸಾಕುಪ್ರಾಣಿ ಇಟ್ಟುಕೊಳ್ಳೋಕೆ ಬಾಡಿಗೆದಾರ ಕೇಳಿದರೆ ಸರಿಯಾದ ಕಾರಣ ಇಲ್ಲದೆ ಮಾಲೀಕರು ನಿರಾಕರಿಸುವಂತಿಲ್ಲ ಅಂತ ಮಾಡಿದ್ದಾರೆ. ಅಂದರೆ ಹೀಗೂ ಕಾನೂನು ಮಾಡೋಕೆ ಸಾಧ್ಯ ಇದೆ.

ಇನ್ನೊಂದು ಕಾನೂನು ಹೇಳ್ತೇನೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಸಾಕಿದ ಪ್ರಾಣಿಯನ್ನ ಹಸಿವು ಬಾಯಾರಿಕೆಯಲ್ಲಿ ನರಳೋ ಹಾಗೆ ಬಿಟ್ಟು ಹೋಗೋದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತು ರೂಪಾಯಿ. ರೂಮು ಸಿಗಬೇಕಾದರೆ ನಾಯಿ ಬಿಡು ಅಂತ ನಮಗೆ ಹೇಳೋರಿಗೆ, ಆ ನಾಯಿ ಎಲ್ಲಿ ಹೋಗ್ತದೆ ಅಂತ ಯೋಚನೆ ಇರೂದಿಲ್ಲ. ಮೀನು ಪೇಟೆ, ಹೆದ್ದಾರಿಯ ಢಾಬಾ, ಘಾಟಿನ ತಿರುವು. ಆಮೇಲೆ ಬೀದಿನಾಯಿ ಜಾಸ್ತಿ ಆಯ್ತು ಅಂತ ಅದೇ ಜನ ದೂರು ಕೊಡ್ತಾರೆ.

ಈಗ ನಮಗೆ ಮನೆ ಹೇಗೆ ಸಿಕ್ತು ಅಂತ ಹೇಳಿ ಮುಗಿಸ್ತೇನೆ. ಅಂಗಡಿಗೆ ಪಿಂಚಣಿ ಕಾಗದ ಝೆರಾಕ್ಸ್ ಮಾಡಿಸೋಕೆ ಒಬ್ಬರು ಅಕ್ಕೋರು ಬರ್ತಿದ್ದರು. ನಮ್ಮ ಕಡೆ ಶಾಲೆ ಟೀಚರಿಗೆ ಅಕ್ಕೋರು ಅಂತೇವೆ. ನಿವೃತ್ತರು, ಮಕ್ಕಳು ದೂರದಲ್ಲಿ, ಮನೆಯ ಪಕ್ಕ ಒಂದು ಸಣ್ಣ ಹೊರಮನೆ ಖಾಲಿ. ಝೆರಾಕ್ಸ್ ಮಿಷನ್ ಪಕ್ಕ ಮೋತಿ ಮಲಗಿದ್ದು ನೋಡಿ ಬಾಗಿಲಲ್ಲೇ ನಿಂತರು. "ನಂಗೆ ನಾಯಿ ಅಂದ್ರೆ ಹೆದ್ರಿಕೆ" ಅಂದರು. ನಾನು ಅಂದೆ, "ಅಕ್ಕೋರೆ, ನಿಮ್ಮ ಹೆದ್ರಿಕೆ ಎಂತದ್ದು ಅಂತ ಒಂದೊಂದೇ ಹೇಳಿ. ನಾನು ಬರ್ಕೊಳ್ತೆ."

ಅವರು ಹೇಳಿದರು, ನಾನು ಬರೆದುಕೊಂಡೆ. ಕಚ್ಚಿದರೆ? ರಾತ್ರಿ ಕೂಗಿದರೆ? ತುಳಸಿಕಟ್ಟೆ ಹತ್ತಿರ ಹೊಲಸು ಮಾಡಿದರೆ? ನೀನು ಕೆಲಸಕ್ಕೆ ಹೋದಾಗ ಯಾರು ನೋಡ್ಕೊಳ್ಳೋದು? ನೀನು ಮನೆ ಬಿಟ್ಟು ಹೋಗುವಾಗ ನಾಯಿ ಇಲ್ಲೇ ಬಿಟ್ಟು ಹೋದರೆ? ಐದು ಪ್ರಶ್ನೆ. ಐದೂ ನ್ಯಾಯವಾದ ಪ್ರಶ್ನೆ. ಹದಿನೈದು ಮನೆಯಲ್ಲಿ ನಾನು "ನನ್ನ ನಾಯಿ ಏನೂ ಮಾಡೂದಿಲ್ಲ" ಅಂತ ಮಾತ್ರ ಹೇಳಿದ್ದೆ. ಅದು ಉತ್ತರ ಅಲ್ಲ.

ನಾನು ಒಂದು ವಾರ ಸಮಯ ತಗೊಂಡೆ. ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ ಮೋತಿಗೂ ಚಿಂಗಿಗೂ ರೇಬಿಸ್ ಲಸಿಕೆ ಹಾಕಿಸಿ ಕಾರ್ಡ್ ಮಾಡಿಸಿದೆ. ಮೋತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದೆ. ಆಮೇಲೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಹಗಲು ಮೋತಿ ಹಿತ್ತಿಲಲ್ಲಿ ಉದ್ದ ಹಗ್ಗದಲ್ಲಿ, ಆಯಿ ಮನೆಯಲ್ಲೇ ಇರ್ತಾಳೆ. ಮುಂದಿನ ಅಂಗಳಕ್ಕೆ ಬಿಡೂದಿಲ್ಲ. ಬೆಳಿಗ್ಗೆ ಸಂಜೆ ಹೊರಗೆ ಕರೆದೊಯ್ಯೋದು ನಾನು, ಹೊಲಸು ತೆಗೆಯೋದೂ ನಾನು. ಏನಾದರೂ ಹಾಳಾದರೆ ಅಡ್ವಾನ್ಸಲ್ಲಿ ಹಿಡ್ಕೊಳ್ಳಿ. ಮನೆ ಬಿಡುವಾಗ ಎರಡೂ ನಮ್ಮ ಜೊತೆಗೇ ಬರ್ತವೆ. ಮೊದಲು ಎರಡು ತಿಂಗಳು ನೋಡಿ, ಸರಿ ಆಗದಿದ್ದರೆ ಒಂದು ತಿಂಗಳ ಮುಂಚೆ ಹೇಳಿ, ನಾವು ಹೋಗ್ತೇವೆ.

ಅಕ್ಕೋರು ಕನ್ನಡಕ ಹಾಕಿಕೊಂಡು ಓದಿದರು. ಎರಡು ಕಡೆ ಕಾಗುಣಿತ ತಿದ್ದಿದರು. ಆಮೇಲೆ, "ಬಾಡಿಗೆ 3,800. ನಾನು ಒಂದು ತಿಂಗಳ ಮುಂಚೆ ಹೇಳದೆ ಬಿಡಿಸೂದಿಲ್ಲ ಅಂತ ಇದರಲ್ಲಿ ನಂದೂ ಒಂದು ಸಾಲು ಬರಿ" ಅಂದರು. ಹನ್ನೊಂದು ತಿಂಗಳ ಕರಾರಿಗೆ ಆ ಹಾಳೆಯ ಅಂಶಗಳನ್ನೂ ಸೇರಿಸಿ ಇಬ್ಬರೂ ಸಹಿ ಮಾಡಿದೆವು.

ಎಲ್ಲ ಚಂದ ಆಯ್ತು ಅಂತ ಅಂದುಕೊಳ್ಳಬೇಡಿ. ಅಂಗಡಿಗೆ ನಾಲ್ಕು ಕಿಲೋಮೀಟರ್, ಸೈಕಲ್ ಹೊಡಿತೇನೆ. ಬೇಸಿಗೆಯಲ್ಲಿ ಬಾವಿ ನೀರು ಕಡಿಮೆ. ತಿಂಗಳ ಕೊನೆಗೆ ಕೈಯಲ್ಲಿ ನೂರು ರೂಪಾಯಿ ಉಳಿದರೆ ದೊಡ್ಡದು. ಅಕ್ಕೋರಿಗೆ ಮೋತಿ ಕಂಡರೆ ಹೆದರಿಕೆ ಇನ್ನೂ ಇದೆ, ಚಿಂಗಿ ಮಾತ್ರ ಅವರ ಮಡಿಲು ಹತ್ತಿ ಆಗಿದೆ. ಆದರೆ ಮನೆಯ ಹಿಂದೆ ಧರೆ ಇಲ್ಲ. ತೆಂಗಿನ ತೋಟ ಇದೆ. ಮಳೆ ಬಂದ ರಾತ್ರಿ ಆಯಿ ನಿದ್ದೆ ಮಾಡ್ತಾಳೆ.

ಹಾಗಾಗಿ ರೂಮು ಹುಡುಕ್ತಾ ಇರೋರಿಗೆ ನಾನು ಕಲಿತದ್ದು ಇಷ್ಟು. ನಾಯಿ ಇದೆ ಅಂತ ಮೊದಲೇ ಹೇಳಿ, ಬಚ್ಚಿಡಬೇಡಿ. ಮರಿಗೆ ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ವರ್ಷಕ್ಕೊಂದು. ಆ ಕಾರ್ಡಿನ ಫೋಟೋ ಫೋನಲ್ಲಿ ಇರಲಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ಇರ್ತದೆ, ವಿಚಾರಿಸಿ. ಮಾಲೀಕರ ಹೆದರಿಕೆಯನ್ನ ಕೇಳಿ, ಉತ್ತರ ಬರೆದುಕೊಡಿ. ಹಳೇ ಮನೆಯ ಮಾಲೀಕರೋ ಪಕ್ಕದ ಮನೆಯವರೋ ಒಳ್ಳೆ ಮಾತು ಹೇಳ್ತಾರೆ ಅಂದರೆ ಅವರ ನಂಬರ್ ಕೇಳಿ ಇಟ್ಕೊಳ್ಳಿ.

ಮತ್ತೆ, ಯಾರೂ ಏನೂ ಕೇಳದೆ ರೂಮು ಕೊಟ್ಟರೆ ಖುಷಿಯಲ್ಲಿ ಸಹಿ ಹಾಕಬೇಡಿ. ಮನೆಯ ಹಿಂದೆ ಹೋಗಿ ನೋಡಿ. ಧರೆ ಇದ್ದರೆ ಬಿರುಕು ಇದೆಯಾ, ಮರ ವಾಲಿದೆಯಾ ನೋಡಿ. ಹೊಳೆ ಹತ್ತಿರ ಇದ್ದರೆ 2019ರಲ್ಲಿ ನೀರು ಎಲ್ಲಿ ತನಕ ಬಂದಿತ್ತು ಅಂತ ಪಕ್ಕದ ಅಂಗಡಿಯವರನ್ನ ಕೇಳಿ, ಮಾಲೀಕರನ್ನ ಅಲ್ಲ. ಬಾಗಿಲ ಚಿಲಕ ಒಳಗಿಂದ ಹಾಕಿ ನೋಡಿ. ಸಂಜೆ ಮೇಲೆ ಒಂದು ಸಲ ಆ ದಾರಿಯಲ್ಲಿ ನಡೆದು ನೋಡಿ.

ಮನೆ ಬಾಡಿಗೆಗೆ ಕೊಡೋರು ಯಾರಾದರೂ ಇದನ್ನ ಕೇಳ್ತಾ ಇದ್ದರೆ ಅವರಿಗೂ ಒಂದು ಮಾತು. "ಇಲ್ಲ" ಅನ್ನೋ ಹಕ್ಕು ನಿಮಗಿದೆ. ಅದಕ್ಕೆ ಮುಂಚೆ ಅಕ್ಕೋರ ಹಾಗೆ ಐದು ಪ್ರಶ್ನೆ ಕೇಳಿ ನೋಡಿ.

ನಾನಿನ್ನು ಹೊರಡ್ತೇನೆ. ಹಿತ್ತಿಲಲ್ಲಿ ಸದ್ದು ಕೇಳ್ತಾ ಇದೆಯಲ್ಲ, ಅದು ಮೋತಿ. ಸಂಜೆ ಹೊರಗೆ ಕರೆದೊಯ್ಯೋ ಹೊತ್ತಾಯ್ತು. ಕರಾರಿನಲ್ಲಿ ಬರೆದಿದ್ದೇನೆ, ತಪ್ಪಿಸೋ ಹಾಗಿಲ್ಲ.